ನಾಲ್ಕನೇ ತಿಂಗಳಿಗೆ ಕಟ್ಟಿದ ಲಿಂಗ

ನಾನು ಬಡತನಕ್ಕೆ ಸೈಕಲ್ ತುಳಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಕಂಡು ಅಯ್ಯೋ ಪಾಪ ಎನ್ನುವವರ ಮೇಲೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಮನೆಯಲ್ಲಿ ಮೋಟರ್‌ಸೈಕಲ್ ಇದೆ. ಅದರ ಮೇಲೆ ಕೂತರೆ ನನಗೆ ನಿದ್ದೆ ಬರುತ್ತದೆ. ಸೈಕಲ್ ಹತ್ತಿ ಹಾನಗಲ್ಲು ದಾಟಿ, ಗಾಳಿ ಎದುರಿಗೆ ಬಂದು ಎದೆಗೆ ಗುದ್ದಿದಾಗ ಮಾತ್ರ ನಾನು ಬದುಕಿದ್ದೇನೆ ಅನಿಸುತ್ತದೆ. ಆರನೇ ಇಯತ್ತೆಗೆ ಸಾಲೆ ಬಿಟ್ಟೆ, ಗೌಂಡಿ ಕೆಲಸ ಕಲಿತೆ. ನಾನು ಕಟ್ಟಿದ ಗೋಡೆ ಈ ನಾಲ್ಕು ತಾಲೂಕಿನಲ್ಲಿ ಎಲ್ಲಿಯೂ ಬಿರುಕು ಬಿಟ್ಟಿಲ್ಲ. ಯಾರ ಮುಂದೆಯೂ ಕೈ ಒಡ್ಡಿಲ್ಲ.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ನಾನೂ ಅಂದು ಕರಣಿ ಹಿಡಿಯುವುದಿಲ್ಲ. ಹೊಲಕ್ಕೆ ಹೋಗದ ಗಂಡಸರು ಮನೆಯಲ್ಲೇ ಸಿಗುತ್ತಾರೆ ಎಂಬ ಕಾರಣಕ್ಕೇ ನಮ್ಮ ಮಠದ ಸೈಕಲ್ ಸೇವೆ ಸೋಮವಾರ ಹೊರಡುತ್ತಿತ್ತು. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ವಾರಕ್ಕೊಂದು ದಿಕ್ಕು. ಸೊಸೆ ಬಸುರಿ ಇರುವ ಮನೆಗೆ ಹೋಗುವುದು, ನೀರು ಕುಡಿಯುವುದು, ಹೊಟ್ಟೆಯಲ್ಲಿರುವುದು ಶಿವ ಕೊಟ್ಟ ಜೀವ, ಹೆಣ್ಣಾದರೂ ಬರಲಿ, ಮಷಿನ್ ಹಚ್ಚಿ ನೋಡಿ ತೆಗೆಸಬೇಡಿ ಎಂದು ಹೇಳುವುದು. ಕಾರಿನಲ್ಲಿ ಹೋದರೆ ಅಂಗಳಕ್ಕೆ ಕುರ್ಚಿ ಹಾಕಿ ಅಲ್ಲೇ ಕೂಡಿಸುತ್ತಾರೆ. ಬೆವರು ಸುರಿಸಿಕೊಂಡು ಸೈಕಲ್ ಇಳಿದವನನ್ನು ಅಡುಗೆಮನೆಯ ಹೊಸ್ತಿಲವರೆಗೆ ಕರೆಯುತ್ತಾರೆ. ಮಾತು ಮುಟ್ಟಬೇಕಾದದ್ದು ಆ ಹೊಸ್ತಿಲಿಗೇ.

ನಮ್ಮ ಲಿಂಗವಂತರಲ್ಲಿ ಎಂಟನೇ ತಿಂಗಳಿಗೆ ಗರ್ಭಕ್ಕೆ ಲಿಂಗ ಕಟ್ಟುವ ಪದ್ಧತಿಯಿದೆ. ಮನೆತನದ ಗುರುಗಳಾದ ಅಯ್ಯನವರು ಬಂದು ತಾಯಿಯ ರಟ್ಟೆಗೆ ಇನ್ನೊಂದು ಲಿಂಗ ಕಟ್ಟುತ್ತಾರೆ. ಅದು ಅವಳದ್ದಲ್ಲ, ಒಳಗಿನ ಕೂಸಿನದು. ಹುಟ್ಟಿದ ಮೇಲೆ ಕೂಸಿಗೇ ಸೇರುತ್ತದೆ. ಗಂಡೋ ಹೆಣ್ಣೋ ಎಂದು ಯಾವ ಅಯ್ಯನವರೂ ಕೇಳಿ ಕಟ್ಟುವುದಿಲ್ಲ. ಇಂಥ ಪದ್ಧತಿ ಇಟ್ಟುಕೊಂಡ ಜನ ಹೊಟ್ಟೆಯೊಳಗಿನ ಹೆಣ್ಣನ್ನು ಹೇಗೆ ತೆಗೆಸುತ್ತಾರೆ ಎಂದು ನಾನು ಕೇಳುತ್ತಿದ್ದೆ. ಸೇವಾ ಸಮಿತಿಯ ಅಧ್ಯಕ್ಷರ ಮನೆಯಲ್ಲಿ ಕೆಲಸಕ್ಕೆ ನಿಂತ ಮೇಲೆ ಗೊತ್ತಾಯಿತು.

ಅಧ್ಯಕ್ಷರು ಮಾಸೂರಿನ ಆಚೆ ಒಂದು ಊರಿನ ಸಾವ್ಕಾರರು. ಊರಿನ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಕಷ್ಟ ಆ ಮನೆಯ ಸೊಸೆಗೆ. ನಮಗೆಲ್ಲ ಟೀ ಶರ್ಟು ಹೊಲಿಸಿದವರು ಅವರೇ. ಎದೆಯ ಮೇಲೆ ಅವರ ಫೋಟೋ, ಬೆನ್ನ ಮೇಲೆ ‘ಹೆಣ್ಣು ಮಗು ಮನೆಯ ಬೆಳಕು’. ಜಾಥಾ ಹೊರಡುವ ದಿನ ಹಸಿರು ಬಾವುಟ ಬೀಸಿ, ಒಂದು ಫರ್ಲಾಂಗು ಸೈಕಲ್ ತುಳಿದು, ಫೋಟೋ ತೆಗೆಸಿಕೊಂಡು, ಕಾರು ಹತ್ತುತ್ತಿದ್ದರು. ಹೋಗಲಿ, ದೊಡ್ಡವರು, ಮೊಣಕಾಲು ನೋವಿರಬಹುದು ಎಂದುಕೊಂಡಿದ್ದೆ.

ಅವರ ಅಡುಗೆಮನೆ ಒಡೆದು ದೊಡ್ಡದು ಮಾಡುವ ಕೆಲಸ ನನಗೆ ಬಂತು. ವಾರವೆಲ್ಲ ಅಲ್ಲೇ ಪಡಸಾಲೆಯಲ್ಲಿ ವಸ್ತಿ. ಮನೆಯಲ್ಲಿ ಸಾವ್ಕಾರರು, ಅವರ ಹೆಂಡತಿ, ಒಬ್ಬ ಮಗ, ಸೊಸೆ, ಸೊಸೆಯ ಎರಡು ಹೆಣ್ಣುಮಕ್ಕಳು. ಸೊಸೆಗೆ ಆಗ ನಾಲ್ಕು ತಿಂಗಳು. ಗೋಡೆ ಒಡೆದ ಮನೆಯಲ್ಲಿ ಮಾತು ಮುಚ್ಚಿಡಲು ಜಾಗವಿರುವುದಿಲ್ಲ. ಒಂದು ದಿನ ನಾನು ಇಟ್ಟಿಗೆಗೆ ನೀರು ಹಾಕುತ್ತಿದ್ದಾಗ ಅತ್ತೆ ಹೇಳುವುದು ಕೇಳಿಸಿತು.

“ಬರೋ ಮಂಗಳವಾರ ಗಾಡಿ ಬರ್ತೈತಿ. ಸುಮ್ನ ಹತ್ತಿ ಕುಂತು ತೋರಿಸ್ಕೊಂಡ ಬಾ. ಗಂಡಿದ್ರ ಹೋಳಿಗಿ ಮಾಡೋಣಂತ. ಇಲ್ಲಾಂದ್ರ ಅಲ್ಲೇ ಮುಗಿಸ್ಕೊಂಡ ಬರೂದು. ಯಾರಿಗೂ ಗೊತ್ತಾಗಂಗಿಲ್ಲ.”

“ನಂಗ ಬ್ಯಾಡ್ರಿ ಅತ್ತಿ.”

“ನಿನ್ನ ಯಾರ ಕೇಳ್ಯಾರ? ನಿಮ್ಮ ಮಾವಾರು ಡಾಕ್ಟರ್ ಕೂಡ ಮಾತಾಡ್ಯಾರ.”

ನಿಮ್ಮ ಮಾವಾರು! ಕೈಯಲ್ಲಿದ್ದ ಬಕೆಟ್ಟು ಕೆಳಗೆ ಬಿತ್ತು. ಅವರ ಮುಖವನ್ನು ಎದೆಯ ಮೇಲೆ ಹೊತ್ತು ಹಳ್ಳಿ ಹಳ್ಳಿ ತಿರುಗಿದವನು ನಾನು. ರಟ್ಟೀಹಳ್ಳಿಯ ಏರಿನಲ್ಲಿ ಚೈನು ಕಳಚಿ ಅಂಗೈ ಕರ್ರಗೆ ಮಾಡಿಕೊಂಡು, ಕಂಡವರ ಮನೆ ಬಾಗಿಲಲ್ಲಿ ನಿಂತು, ನಿಮ್ಮ ಮೊಮ್ಮಗಳನ್ನು ಕೊಲ್ಲಬೇಡಿ ಎಂದು ಕೈ ಮುಗಿದವನು ನಾನು.

ಮರುದಿನ ಸೊಸೆ ಚಹಾ ತಂದುಕೊಟ್ಟಳು. ಸುತ್ತ ಯಾರೂ ಇರಲಿಲ್ಲ. ಲೋಟ ಇಟ್ಟವಳು ಹೋಗದೆ ನಿಂತಳು.

“ಅಣ್ಣಾರ, ಒಂದ ಮಾತ ಕೇಳ್ಲೇನ್ರಿ?”

“ಕೇಳವಾ ತಂಗಿ.”

“ಊರೂರಿಗೆ ಸೈಕಲ್ ಹೊಡಕೊಂಡ ಹೊಕ್ಕೀರಿ. ಈ ಮನ್ಯಾಗ ದಿನಾ ಇರ್ತೀರಿ. ಇಲ್ಲಿ ನಿಮ್ಮ ಸೇವಾ ನಡಿಯಂಗಿಲ್ಲೇನು? ಸಾವ್ಕಾರ್ರ ಮನಿ ಅಂತ ಬಿಟ್ಟೀರೋ?”

ಆ ಮಾತು ನೇರ ಬಂದು ತಾಗಿತು. ದೂರು ಕೊಡುತ್ತೇನೆ, ಇದು ಕಾನೂನಿಗೆ ವಿರುದ್ಧ ಎಂದೆ. ಅವಳು ಅಡ್ಡಡ್ಡ ತಲೆಯಾಡಿಸಿದಳು. “ಪೊಲೀಸರು ಬಂದ ಹೋದ ಮ್ಯಾಲೆ ಈ ಮನ್ಯಾಗ ಇರಾಕಿ ನಾನು. ನಿಮ್ಮ ಸೈಕಲ್ ಹೊರಗ ನಿಂತಿರ್ತೈತಿ, ಹತ್ತಿ ಹೊಕ್ಕೀರಿ.”

ಅವಳ ಗಂಡನ ಜೊತೆ ಮಾತಾಡಲು ನೋಡಿದೆ. ಮೂವತ್ತು ದಾಟಿದ ಆಳು, ಟ್ರ್ಯಾಕ್ಟರ್ ಹತ್ತಿದರೆ ಹುಲಿ. “ಅಪ್ಪಾರು ಹೇಳ್ಯಾರ, ನಾ ಏನ್ ಮಾಡ್ಲಿ” ಎಂದು ಮೊಬೈಲು ಒರೆಸುತ್ತ ಹೋದ. ಇಂಥವನಿಗೆ ಮೀಸೆ ಯಾಕೆ ಬೇಕು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮರುದಿನ ನಸುಕಿನಲ್ಲೇ ಸವಣೂರಿನ ದಾರಿ ಹಿಡಿದೆ, ಮಠಕ್ಕೆ. ಸೈಕಲ್ ತುಳಿದರೆ ನನ್ನ ಸಿಟ್ಟು ಬೆವರಾಗಿ ಇಳಿದುಹೋಗುತ್ತದೆ, ಅಂದು ಇಳಿಯಲಿಲ್ಲ. ಪೆಡಲು ತುಳಿದಂತೆಲ್ಲ ಏರುತ್ತಲೇ ಹೋಯಿತು. ಊಟದ ಹೊತ್ತು ಮೀರಿದ ಮೇಲೆ ಮುಟ್ಟಿದೆ. ಸ್ವಾಮಿಗಳು ಕೂತಿದ್ದರು, ಪಕ್ಕದಲ್ಲಿ ಸಮಿತಿಯ ಕಾರ್ಯದರ್ಶಿ. ಕಾಲಿಗೆ ಬಿದ್ದು ಎಲ್ಲ ಹೇಳಿದೆ.

ಸ್ವಾಮಿಗಳು ಕಣ್ಣು ಮುಚ್ಚಿದರು. ಕಾರ್ಯದರ್ಶಿ ನಕ್ಕ. “ಗೌಂಡಿ ಕೆಲಸ ಅಂದ್ರ ಗ್ವಾಡಿ ಕಟ್ಟೂದಪಾ, ಗ್ವಾಡಿಗೆ ಕಿವಿ ಹಚ್ಚೂದಲ್ಲ. ನಾಳೆ ದಾಸೋಹದ ಮನಿಗೆ ಸ್ಲ್ಯಾಬ್ ಹಾಕ್ಸೋರು ಅವರು. ನಿನಗೇನ ತಿಳಿತೈತಿ?”

“ಅಜ್ಜಾರ, ನೀವು ಒಂದ ಮಾತ ಫೋನಿನ್ಯಾಗ ಹೇಳ್ರಿ ಸಾಕು” ಎಂದು ಸ್ವಾಮಿಗಳತ್ತ ತಿರುಗಿದೆ.

ಸ್ವಾಮಿಗಳು ಕಣ್ಣು ತೆರೆದರು. “ಸಿಟ್ಟ ಮಾಡ್ಕೋಬ್ಯಾಡ. ಸಾವಕಾಶ ಹೇಳೋಣ. ಎಂಟನೇ ತಿಂಗಳಿಗೆ ಮಠದಿಂದನ ಲಿಂಗ ಕಳ್ಸೋಣು.”

“ಎಂಟನೇ ತಿಂಗಳತನಾ ಆ ಕೂಸು ಉಳೀಬೇಕಲ್ರಿ ಅಜ್ಜಾರ!”

ನನ್ನ ದನಿ ಜೋರಾಗಿತ್ತು. ಮಠದಲ್ಲಿ ಹಾಗೆ ಯಾರೂ ಕೂಗುವುದಿಲ್ಲ. ಪ್ರಸಾದ ಮುಟ್ಟದೆ ಎದ್ದು ಬಂದೆ. ಆ ಹೊತ್ತಿಗೆ ನನಗೆ ಸ್ವಾಮಿಗಳ ಮೇಲೂ ಸಿಟ್ಟು, ಸಾವಕಾಶ ಎಂಬ ಆ ಮಾತಿನ ಮೇಲಂತೂ ಇಂದಿಗೂ ಸಿಟ್ಟು. ಆದರೆ ಸವಣೂರು ದಾಟುವಾಗ ನಾನೇ ಕೂಗಿದ ಮಾತು ತಲೆಯಲ್ಲಿ ತಿರುಗತೊಡಗಿತು. ಎಂಟನೇ ತಿಂಗಳು ಎಂದು ಹೇಳಿದವರು ಯಾರು? ಈಗಲೇ ಕಟ್ಟಿದರೆ? ಲಿಂಗ ಕಟ್ಟಿದ ಮೇಲೆ ಅದು ಬರೀ ಗರ್ಭವಲ್ಲ, ಮನೆಯ ಕೂಸು. ಅದನ್ನು ತೆಗೆಸಿದರೆ ಲಿಂಗವಂತರನ್ನು ಕೊಂದಂತೆ. ಅದನ್ನು ಊರಿನ ಮುಂದೆ ಯಾವ ಸಾವ್ಕಾರನೂ ದಕ್ಕಿಸಿಕೊಳ್ಳಲಾರ. ತಿರುಗಿ ಬಂದು ಸೊಸೆಯನ್ನೇ ಕೇಳಿದೆ, ಅಯ್ಯನವರನ್ನು ಕರೆತನ್ನಿ ಎಂದಳು.

ಆ ಮನೆತನಕ್ಕೆ ಹುಟ್ಟು ಸಾವಿನ ಕಾರ್ಯ ಮಾಡಿಸುವ ಅಯ್ಯನವರು ರಟ್ಟೀಹಳ್ಳಿಯ ಮುದುಕರು. ಕಡ್ಡಿ ಮುರಿದಂತೆ ಮಾತಾಡುವವರು, ಬಾಯಿ ಬಲು ಖಾರ. ಸೋಮವಾರ ಬೆಳಿಗ್ಗೆ ಅವರ ಕಟ್ಟೆಯ ಮುಂದೆ ಸೈಕಲ್ ನಿಲ್ಲಿಸಿದೆ. ಅವಳು ಹೇಳಿದ್ದನ್ನೂ ನಾನು ಕೇಳಿದ್ದನ್ನೂ ಹೇಳಿ ಮುಗಿಸುವಷ್ಟರಲ್ಲಿ ಅವರು ಎದ್ದು ಜೋಳಿಗೆ ಹುಡುಕುತ್ತಿದ್ದರು.

“ನಾಕನೇ ತಿಂಗಳಿಗೆ ಕಟ್ಟಬಹುದೇನ್ರಿ?”

“ಎಂಟಂತ ಇಟ್ಟಾವ್ರು ನಾವಪಾ, ಶಿವ ಅಲ್ಲ. ಜೀವ ಐತಿಲ್ಲೋ ಒಳಗ? ಮುಗೀತು. ಆ ಹುಡುಗಿ ಕಟ್ಟಿಸ್ಕೊಂತಾಳೋ?”

“ಆಕಿನ ಬರ್ರಿ ಅಂದಾಳ್ರಿ.”

“ಹಂಗಾರ ನಡಿ.”

ಬಸ್ಸು ಹೋಗಿಬಿಟ್ಟಿತ್ತು. ಕ್ಯಾರಿಯರ್ ಮೇಲೆ ಗೋಣಿಚೀಲ ಮಡಿಸಿ ಹಾಕಿ ಅಯ್ಯನವರನ್ನು ಕೂಡಿಸಿಕೊಂಡೆ. ಮುದುಕರಾದರೂ ಒಳ್ಳೆ ತೂಕದ ಆಸಾಮಿ. ಎದುರುಗಾಳಿ ಬೇರೆ. ತೊಡೆ ಉರಿಯಿತು, ಆ ಉರಿಯೇ ಹಿತವಾಗಿತ್ತು. ಹಿಂದಿನಿಂದ ಒಂದೇ ಸಮ ಬೈಗುಳ. “ಏ, ತೆಗ್ಗ ನೋಡಿ ಹೊಡಿಯೋ! ಕೂಸಿಗೆ ಲಿಂಗ ಮುಟ್ಟಸೂದ್ರಾಗ ನನ್ನನ್ನ ಶಿವನ ಪಾದಕ್ಕ ಮುಟ್ಟಿಸಿಗಿಟ್ಟೀ!” ಮದಗದ ಕೆರೆಯ ಕಾಲುವೆಗುಂಟ ಬಂದಾಗ ಒಂದೇ ಒಂದು ಸಲ ನಕ್ಕೆ. ಆ ವಾರದಲ್ಲಿ ನಕ್ಕದ್ದು ಅಷ್ಟೇ.

ಸಾವ್ಕಾರರ ಕಟ್ಟೆಯ ಮೇಲೆ ಸೋಮವಾರದ ಜನ ಕೂತಿದ್ದರು, ಎಲೆ ಅಡಿಕೆ ಹಾಕಿಕೊಂಡು. ಬಾಗಿಲಿಗೆ ಬಂದ ಅಯ್ಯನವರನ್ನು ಹಿಂದಕ್ಕೆ ಕಳಿಸುವಂತಿಲ್ಲ. ಪಾದಕ್ಕೆ ನೀರು ಕೊಡಬೇಕು, ಒಳಗೆ ಕರೆಯಬೇಕು. ಸಾವ್ಕಾರರೇ ತಂಬಿಗೆ ತಂದರು. ನನ್ನನ್ನು ನೋಡಿದಾಗ ಅವರ ಮುಖ ಬದಲಾಯಿತು.

“ಏನ್ರಿ ಅಯ್ಯನೋರ, ಸೈಕಲ್ ಮ್ಯಾಲೆ? ಹೇಳಿದ್ರ ಕಾರ್ ಕಳಸ್ತಿದ್ನಲ್ರಿ.”

“ನಿಮ್ಮ ಗಾಡಿಗೆ ನಾಳೆ ಬ್ಯಾರೆ ಕೆಲಸ ಐತಂತಲ್ಲ. ಗರ್ಭಕ್ಕ ಲಿಂಗ ಕಟ್ಟಾಕ ಬಂದೇನಿ. ಸೊಸಿನ್ನ ಕರೀರಿ.”

ಕಟ್ಟೆಯ ಮೇಲಿನ ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು.

“ಇನ್ನೂ ನಾಕ ತಿಂಗಳ್ರಿ. ಪದ್ಧತಿ ಅಂತ ಒಂದ ಐತಲ್ರಿ?”

“ಪದ್ಧತಿ ನನಗ ಕಲಸ್ತೀಯೇನೋ ತಮ್ಮಾ? ನಿನಗ ಲಿಂಗಾ ಕಟ್ಟಿದಾಂವ ನಾನು. ನಿಮ್ಮವ್ವನ ಹೊಟ್ಯಾಗ ಇದ್ದಾಗ. ಅವತ್ತ ನಿಮ್ಮಪ್ಪ ಗಂಡೋ ಹೆಣ್ಣೋ ಅಂತ ಕೇಳಲಿಲ್ಲ.”

ಒಳಗಿನಿಂದ ಅತ್ತೆಯ ದನಿ ಬಂತು, “ನೀ ಎಲ್ಲಿ ಹೊಂಟಿ? ಒಳಗ ನಡಿ.” ಆದರೆ ಸೊಸೆ ಬಂದೇ ಬಂದಳು. ಮಣೆ ತಾನೇ ತಂದು, ತಾನೇ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಪಡಸಾಲೆಯ ನಡುವೆ ಕೂತಳು. “ಕಟ್ರಿ ಅಯ್ಯನೋರ.” ಕಟ್ಟೆಯ ಮೇಲಿದ್ದ ಒಬ್ಬ ಮುದುಕಿ ಯಾರೂ ಹೇಳದೆ ಎದ್ದು ಬಂದು ಅವಳ ಹಣೆಗೆ ವಿಭೂತಿ ಹಚ್ಚಿದಳು. ಅಯ್ಯನವರು ಅವಳ ರಟ್ಟೆಗೆ ಕೂಸಿನ ಲಿಂಗ ಕಟ್ಟಿದರು. ಗಂಡ ಬಾಗಿಲಿಗೆ ಆತು ನಿಂತಿದ್ದ. ಅವನ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಮಂಗಳವಾರ ಗಾಡಿ ಬರಲಿಲ್ಲ. ಕೂಸು ಉಳಿಯಿತು. ಇಲ್ಲಿಗೆ ನಿಲ್ಲಿಸಿದರೆ ಸಮಿತಿಯವರ ಭಾಷಣದಂತಿರುತ್ತದೆ. ನಾನು ನಿಲ್ಲಿಸುವುದಿಲ್ಲ.

ನನ್ನನ್ನು ಅಂದೇ ಕೆಲಸದಿಂದ ತೆಗೆದರು. ಗೋಡೆ ಎದೆಮಟ್ಟಕ್ಕೆ ನಿಂತಿತ್ತು. ಬೇರೆಯವನು ಬಂದು ಮುಗಿಸಿದ, ಸೊಟ್ಟಗೆ. ಸೈಕಲ್ ಸೇವೆಯಿಂದಲೂ ಹೊರಗೆ ಹಾಕಿದರು. ಟೀ ಶರ್ಟು ವಾಪಸ್ಸು ಕೊಡು ಎಂದು ಕಾರ್ಯದರ್ಶಿ ಫೋನು ಮಾಡಿದ. ಅದರಲ್ಲಿ ಸಿಮೆಂಟಿನ ಕೈ ಒರೆಸುತ್ತಿದ್ದೇನೆ, ಬೇಕಾದರೆ ಹಾಗೇ ಒಯ್ಯಿರಿ ಎಂದೆ. ಇದೆಲ್ಲ ನನಗೆ ದೊಡ್ಡದಲ್ಲ. ಸೊಸೆಗೆ ಮಾಡಿದ್ದು ದೊಡ್ಡದು. ಎರಡು ಹೆಣ್ಣುಮಕ್ಕಳ ಸಮೇತ ಅವಳನ್ನು ತವರಿಗೆ ಕಳಿಸಿಬಿಟ್ಟರು. “ಹಡದ ಮ್ಯಾಲೆ ನೋಡೂಣು” ಎಂದರಂತೆ. ಯಾವುದನ್ನು ನೋಡುವುದು? ನಾಚಿಕೆಯಿಲ್ಲದವರು.

ಸೇವೆ ಮಾಡುವ ನಮ್ಮವರ ಮೇಲೂ ನನ್ನ ಸಿಟ್ಟು ಇದೇ. ಹುಟ್ಟಲಿ ಎಂದು ಹೇಳಿ ಸೈಕಲ್ ಹತ್ತುತ್ತೇವೆ. ಹುಟ್ಟಿದ್ದನ್ನು ಎತ್ತಿಕೊಂಡು ನಿಂತವಳ ಗತಿ ನೋಡಲು ಯಾವ ಸೋಮವಾರವೂ ನಮಗಿಲ್ಲ. ಈಗ ನನ್ನ ಸೋಮವಾರ ಅವಳ ತವರಿಗೆ. ಅವಳ ಅಪ್ಪನಿಗೆ ವಯಸ್ಸಾಗಿದೆ. ಹಿತ್ತಲಿಗೆ ಬಚ್ಚಲು ಕಟ್ಟಿಕೊಟ್ಟೆ, ಆಸ್ಪತ್ರೆಯ ದಿನಗಳಲ್ಲಿ ಜೊತೆಗೆ ನನ್ನ ಹೆಂಡತಿಯನ್ನು ಕಳಿಸಿದೆ. ಹೆಣ್ಣು ಹುಟ್ಟಿತು. ದುಂಡಗೆ, ಅರಚುವ ಕೂಸು. ಗಂಡನ ಮನೆಯಿಂದ ತೊಟ್ಟಿಲಿಗೂ ಯಾರೂ ಬರಲಿಲ್ಲ.

ಹೋದ ಸೋಮವಾರ ಅಂಗಳದಲ್ಲಿ ನೀರು ಕುಡಿಯುತ್ತಿದ್ದೆ. ಮೋಟರ್‌ಸೈಕಲ್ ಬಂದು ಬೇಲಿಯ ಆಚೆ ನಿಂತಿತು. ಅವಳ ಗಂಡ. ಅಪ್ಪನಿಗೆ ಹೇಳದೆ ಬಂದಿದ್ದಾನೆಂದು ಮುಖವೇ ಹೇಳುತ್ತಿತ್ತು. ಇಳಿದು, ನನ್ನನ್ನು ನೋಡಿ, ಅಲ್ಲೇ ನಿಂತ.

“ಗೌಂಡ್ಯಾರ, ಒಳಗ ಬರ್ಲೇನ್ರಿ?”

ಹೊಡೆಯಬೇಕು ಅನಿಸಿತು. ನಿಜವಾಗಿಯೂ ಕೈ ಎದ್ದಿತ್ತು.

“ನನ್ನ ಯಾಕ ಕೇಳ್ತೀ? ಜಲ್ಮದಾಗ ಒಮ್ಮೆರ ಆಕಿನ್ನ ಕೇಳು.”

ಅವಳು ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಹೊಸ್ತಿಲಿಗೆ ಬಂದಳು, ಹೆಗಲ ಮೇಲೆ ಕೂಸು.

“ಕೇಳ್ರಿ” ಎಂದಳು. “ನಾ ಇಲ್ಲೇ ನಿಂತೇನಿ.”