ಅಣ್ಣನ ಮಿಷನ್ನಿನ ಕಿಡಿ

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವಳ ರಿಪೇರಿ ಅಂಗಡಿ. ನೀರಿನ ಪಂಪು, ಔಷಧಿ ಹೊಡೆಯುವ ಮಿಷನ್ನು, ಮರ ಕೊಯ್ಯುವ ಗರಗಸ, ಹೀಗೆ ಪೆಟ್ರೋಲ್ ಕುಡಿಯುವ ಸಣ್ಣ ಎಂಜಿನ್ನು ಯಾವುದು ಕೆಟ್ಟರೂ ಜನ ಅಲ್ಲಿಗೇ ಹೊತ್ತು ತರುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಮಿಷನ್ ಅಕ್ಕ. ಹಲ್ಲು ಬಿದ್ದ ಮುದುಕರೂ ಅಕ್ಕ ಎನ್ನುತ್ತಿದ್ದರು. ಅವಳು ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಅಪ್ಪ ಕೆಲಸ ಕಲಿಸಲು ಕೂರಿಸಿಕೊಂಡಿದ್ದು ಅಣ್ಣನನ್ನು. ಅವನಿಗೆ ಒಂದು ಕಡೆ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಅವನು ಗರಗಸ ಹೆಗಲಿಗೇರಿಸಿ ಮರ ಹತ್ತಲು ಹೋದ. ಪಕ್ಕದಲ್ಲಿ ಸುಮ್ಮನೆ ನೋಡುತ್ತಾ ಕೂತಿದ್ದ ತಂಗಿಗೆ ಕೆಲಸ ಕೈ ಹತ್ತಿತು.

ಅಣ್ಣ ಒಳ್ಳೆಯ ಕೆಲಸಗಾರ. ಮನೆಯ ಮೇಲೆ ವಾಲಿದ ಮರವನ್ನು ಒಂದು ಹೆಂಚೂ ಅಲುಗದಂತೆ ಇಳಿಸುತ್ತಿದ್ದ. ಆದರೆ ಈಚೆಗೆ ಅವನನ್ನು ಕರೆಯುವವರು ಕಡಿಮೆಯಾಗಿದ್ದರು. ಕೊಯ್ತ ಸೊಟ್ಟಗಾಗುತ್ತದೆ, ಕೆಲಸ ಎಳೆಯುತ್ತದೆ ಎಂಬ ದೂರು. ಅವನು ಕೇಳಿದವರಿಗೆಲ್ಲ ಮಿಷನ್ನಿನ ಕಡೆ ಬೆರಳು ತೋರಿಸುತ್ತಿದ್ದ. ಒಂದು ಚಳಿಯ ಬೆಳಗ್ಗೆ ಅದನ್ನೇ ತಂದು ತಂಗಿಯ ಮೇಜಿನ ಮೇಲಿಟ್ಟ.

“ಇದರ ಜೀವ ಹೋಗಿದೆ ಮರಿ. ಕರೆಂಟೇ ಇಲ್ಲ. ಬೆರಳಿಟ್ಟು ನೋಡಿದೆ.”

ಮರ ಕೊಯ್ಯುವವರ ಹಳೆಯ ಚಾಳಿ ಅದು. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ವೈರು ಕಿತ್ತು, ಅದರ ತುದಿಗೆ ಬೆರಳು ತಾಗಿಸಿ, ಮಿಷನ್ ಚಾಲೂ ಮಾಡುವ ಹಗ್ಗ ಎಳೆಯುವುದು. ಕರೆಂಟ್ ಇದ್ದರೆ ಮೊಣಕೈವರೆಗೂ ಝುಮ್ಮೆನ್ನುತ್ತದೆ. ಹಾಗೆ ಮಾಡಿದ್ದಕ್ಕೆ ಅಪ್ಪ ಅವನಿಗೆ ಎಷ್ಟೋ ಸಲ ಬೈದಿದ್ದ.

ಅವಳು ತನ್ನ ದಾರಿ ಹಿಡಿದಳು. ಪ್ಲಗ್ ಬಿಚ್ಚಿ, ಕರಿ ಕೆರೆದು ತೆಗೆದು, ವೈರು ಸಿಕ್ಕಿಸಿ, ಎಂಜಿನ್ನಿನ ಮೈಗೆ ಆನಿಸಿ ಹಿಡಿದು, ಅಂಗಡಿಯ ಕತ್ತಲ ಮೂಲೆಯಲ್ಲಿ ಹಗ್ಗ ಎಳೆದಳು. ಪ್ಲಗ್ಗಿನ ತುದಿಯಲ್ಲಿ ಹಳದಿ ಕಿಡಿಯೊಂದು ಹಾರಿತು. ಬಡಕಲು ಕಿಡಿ, ಆದರೂ ಕಿಡಿಯೇ. ಇನ್ನೊಮ್ಮೆ ಎಳೆದಳು. ಮತ್ತೆ ಹಾರಿತು. ಕರೆಂಟೇ ಇಲ್ಲ ಎಂದು ಅಣ್ಣನಿಗೆ ಅನ್ನಿಸಿದ್ದಾದರೂ ಹೇಗೆ? ಬೆರಳಿನ ಚರ್ಮ ದಡ್ಡುಗಟ್ಟಿರಬೇಕು ಎಂದುಕೊಂಡಳು.

ಮಿಷನ್ ಆರಿಸುವ ಸ್ವಿಚ್ಚಿನ ವೈರು ಎಲ್ಲಾದರೂ ಸುಲಿದು ಮೈಗೆ ತಾಗುತ್ತಿದ್ದರೆ ಕಿಡಿ ಸೋರಿಹೋಗುತ್ತದೆ. ಅದನ್ನು ಕಳಚಿ ನೋಡಿದಳು, ವ್ಯತ್ಯಾಸವಾಗಲಿಲ್ಲ. ತಿರುಗುವ ಚಕ್ರದ ಅಯಸ್ಕಾಂತಕ್ಕೆ ಹಿಡಿದ ತುಕ್ಕು ಉಜ್ಜಿದಳು. ಅದಕ್ಕೂ ಕರೆಂಟ್ ಹುಟ್ಟಿಸುವ ಕಾಯಿಲ್‌ಗೂ ನಡುವೆ ಮದುವೆ ಕಾಗದದ ದಪ್ಪದಷ್ಟು ಸಂದು ಬಿಟ್ಟು ಬಿಗಿದಳು. ಮಿಷನ್ ಕೆಮ್ಮಿ ಕೆಮ್ಮಿ ಎದ್ದಿತು. ಕಾದ ಮೇಲೆ ಉಸಿರು ನಿಲ್ಲಿಸಿತು. ಈಗ ಕಿಡಿ ಮಂಗಮಾಯ. ಬಿಸಿಗೆ ಕೈಕೊಡುತ್ತಿರುವುದು ಕಾಯಿಲ್ಲೇ ಎನ್ನುವುದು ಖಾತ್ರಿಯಾಯಿತು.

ಅದನ್ನು ಹೇಳಲು ತಿರುಗಿದಳು. ಅಣ್ಣ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ. ಆಗಷ್ಟೇ ಸುರಿದ ಚಹಾ, ಸ್ಟೀಲಿನ ಲೋಟ. ಬೇರೆಯವರು ಸೆರಗೋ ಬಟ್ಟೆಯೋ ಸುತ್ತಿ ಹಿಡಿಯಬೇಕಾದದ್ದನ್ನು ಅವನು ಬರಿಗೈಯಲ್ಲಿ ಗಟ್ಟಿಯಾಗಿ ಅದುಮಿ ಹಿಡಿದಿದ್ದ.

ಅವಳು ಹತ್ತಿರ ಹೋಗಿ ಲೋಟ ಇಸಕೊಂಡಳು. “ಕಣ್ಣು ಮುಚ್ಚು ಅಣ್ಣ. ಯಾವ ಬೆರಳು ಮುಟ್ತಿದೀನಿ ಹೇಳು.”

ಅವನು ನಕ್ಕು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಕಾದು, “ಮುಟ್ಟು ಮೊದ್ಲು,” ಅಂದ.

ಸ್ಕ್ರೂಡ್ರೈವರಿನ ತುದಿ ಆಗಲೇ ಅವನ ತೋರುಬೆರಳನ್ನು ಗುಳಿ ಬೀಳುವಷ್ಟು ಒತ್ತಿತ್ತು.

ಆಮೇಲೆ ಒಂದೊಂದಾಗಿ ಹೊರಬಂತು. ಚಳಿಯಲ್ಲಿ ಬೆರಳುಗಳು ಸುಣ್ಣದಂತೆ ಬೆಳ್ಳಗಾಗುತ್ತಿದ್ದವು. ಅಂಗಿಯ ಗುಂಡಿ ಹಾಕುತ್ತಿದ್ದುದು ಅತ್ತಿಗೆ. ಡಾಕ್ಟರು, ಇಷ್ಟು ವರ್ಷ ಗರಗಸ ಅದುರಿ ಅದುರಿ ನರ ಸತ್ತಿದೆ, ಇವತ್ತೇ ಕೆಲಸ ಬಿಡು, ಹೋದದ್ದು ವಾಪಸ್ ಬರುವುದಿಲ್ಲ ಎಂದಿದ್ದರು. ಅದನ್ನು ಅವನು ತಂಗಿಯಿಂದ ಮುಚ್ಚಿಟ್ಟಿದ್ದ. ಮಿಷನ್ ನೆಟ್ಟಗಾದರೆ ಇಷ್ಟು ಅದುರುವುದಿಲ್ಲ, ಕೈಯೂ ತಾನಾಗಿ ಸರಿಹೋಗುತ್ತದೆ ಎಂದು ಅವಳನ್ನು ಒಪ್ಪಿಸಲು ನೋಡಿದ. ಅದು ಶುದ್ಧ ಸುಳ್ಳೆಂದು ಅವಳಿಗೆ ಗೊತ್ತಿತ್ತು. ಆದರೂ ಮಿಷನ್ ಸರಿಮಾಡಿಕೊಡುತ್ತೇನೆ ಎಂದಳು. ಅವಳ ಮನಸ್ಸೂ ಒಳಗೊಳಗೇ ಅದನ್ನೇ ಬೇಡುತ್ತಿತ್ತೋ ಏನೋ.

ಆ ಮಾದರಿಯ ಕಾಯಿಲ್ ತಯಾರಾಗುವುದು ನಿಂತು ಬಹಳ ಕಾಲವಾಗಿತ್ತು. ಅವಳು ಗುಜರಿಯವನ ರಾಶಿ ಕೆದಕಿ, ಬಾಯಿ ಮುರಿದ ಇನ್ನೊಂದು ಗರಗಸದಿಂದ ಬಿಚ್ಚಿ ತಂದಳು. ಕೂರಿಸಿ ಹಗ್ಗ ಎಳೆದರೆ ನೀಲಿ ಕಿಡಿ, ಚಟ್ ಎಂಬ ಸದ್ದು. ಎಷ್ಟು ಕಾದರೂ ಮಿಷನ್ ನಿಲ್ಲಲಿಲ್ಲ. ಸುದ್ದಿ ತಿಳಿದು ಅಣ್ಣ ಓಡೋಡಿ ಬಂದ. ಹಿತ್ತಿಲಲ್ಲಿ ಒಂದು ದಿಮ್ಮಿ ಬಿದ್ದಿತ್ತು. ಅವನು ಕಾಲೂರಿ ನಿಂತು ಕೊಯ್ದ. ಹೊಟ್ಟು ಚಿಮ್ಮಿತು, ತುಂಡು ಉರುಳಿತು. ಅವನ ಮುಖದಲ್ಲಿ ಹಳೆಯ ಗೆಲುವು ಕಂಡು ಅವಳೂ ನಕ್ಕಳು.

“ಹೇಗಿದೆ ನೋಡು,” ಎನ್ನುತ್ತಾ ಅವನು ಅವಳ ಕಡೆ ತಿರುಗಿದ. ಗರಗಸವೂ ತಿರುಗಿತು. ಅದರ ಸರಪಳಿ ಇನ್ನೂ ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಇಬ್ಬರ ನಡುವಿದ್ದ ಮರದ ಬೆಂಚಿಗೆ ಅದು ಬೆಣ್ಣೆಗೆ ಇಳಿದಂತೆ ಇಳಿಯಿತು. ಅವಳು ಬಾಗಿ ಸ್ವಿಚ್ ತಳ್ಳಿದಳು. ಸದ್ದು ನಿಂತಿತು. ಅವನ ತೋರುಬೆರಳು ಇನ್ನೂ ವೇಗ ಕೊಡುವ ಟ್ರಿಗರನ್ನು ಅದುಮಿಕೊಂಡೇ ಇತ್ತು.

ಅವನು ಆ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದ. “ಬಿಟ್ಟೆ ಅಂದ್ಕೊಂಡಿದ್ದೆ,” ಅಂದ.

ಅವನು ಮಿಷನ್ನನ್ನು ಅಲ್ಲೇ ಬಿಟ್ಟು ಹೋದ. ಇಷ್ಟು ದಿನ ತಪ್ಪು ಹೊರಿಸಲು ಅದಾದರೂ ಇತ್ತು. ಈಗ ಅದನ್ನೂ ತಾನೇ ಕಿತ್ತುಕೊಂಡೆನಲ್ಲ ಎಂದು ಅವಳಿಗೆ ಬಹಳ ದಿನ ಊಟ ಸೇರಲಿಲ್ಲ.

ಮರದ ಡಿಪೋದ ಗೇಟಿನಲ್ಲಿ ಅವನಿಗೆ ಕಾವಲಿನ ಕೆಲಸ ಸಿಕ್ಕಿತು. ಒಳಗೆ ಗರಗಸಗಳು ಓಡುತ್ತಿದ್ದವು. ಮೊದಮೊದಲು ಅವನು ಕೂತಲ್ಲಿಂದಲೇ ಕೂಗಿ, ಸರಪಳಿ ಸಡಿಲಾಗಿದೆ, ಹಿಡಿತ ತಪ್ಪಾಗಿದೆ ಎಂದು ಹೇಳುತ್ತಿದ್ದ. ನಿನ್ನ ಗೇಟು ನೀನು ನೋಡ್ಕೋ ಎಂದು ಯಾರೋ ಅಂದ ಮೇಲೆ ಬಾಯಿ ಹೊಲಿದುಕೊಂಡ. ಮುಂದೆ ಚಳಿ ಏರಿ ಬೆರಳು ಮರಗಟ್ಟಿ, ಬೀಗದಲ್ಲಿ ಕೀಲಿಕೈ ತಿರುಗಿಸುವುದೂ ಆಗದಾಯಿತು. ಮಾಲೀಕರು ಕೆಟ್ಟವರಲ್ಲ, ಕೆಲವು ದಿನ ತಾವೇ ಬಂದು ಬೀಗ ತೆಗೆದರು. ಆಮೇಲೆ ಬೇರೆಯವರನ್ನು ಇಟ್ಟುಕೊಂಡರು.

ಈಗ ಅವನು ಮನೆಯಲ್ಲೇ ಇರುತ್ತಾನೆ. ತಂಗಿ ಸಂಜೆ ಅಂಗಡಿ ಬಾಗಿಲು ಹಾಕಿ ಅತ್ತ ಹೋಗುತ್ತಾಳೆ. ಅತ್ತಿಗೆ ಅವನ ಕೈಗಳನ್ನು ಬಿಸಿನೀರಲ್ಲಿ ಇಡಿಸಿರುತ್ತಾಳೆ. ನೀರು ಹೆಚ್ಚು ಸುಡುತ್ತಿದೆಯೇ ಎಂದು ತನ್ನ ಕೈ ಅದ್ದಿ ನೋಡಿ ಹೇಳುವವಳೂ ಅವಳೇ. ಅಣ್ಣ ಅಂಗಡಿಯ ಬಗ್ಗೆ, ಅಲ್ಲೇ ಉಳಿದ ಮಿಷನ್ನಿನ ಬಗ್ಗೆ ಕೇಳುವುದಿಲ್ಲ, ತಂಗಿ ತಾನಾಗಿ ಹೇಳುವುದೂ ಇಲ್ಲ. ಬೀದಿ, ನೆಂಟರು, ಚಳಿ ಎಂದು ಏನಾದರೂ ಮಾತಾಡುತ್ತಾರೆ. ನೀರು ಆರಿದ ಮೇಲೆ ಅತ್ತಿಗೆ ಅದನ್ನು ಚೆಲ್ಲಿ ಬರಲು ಎದ್ದು ಹೋಗುತ್ತಾಳೆ.