ಕೋಡುಬಳೆಯ ಮೇಲೆ ಬಂದ ಗಡ್ಡದ ಅಪವಾದ

ಗೆಳೆಯರೇ, ಇವತ್ತು ತಳಿ ಅನ್ನೋ ಊರಿಗೆ ಹೆಣ್ಣು ನೋಡಲು ಹೋಗಿದ್ದೆ, ಗಡ್ಡಕ್ಕೆ ಧಾರಾಳವಾಗಿ ಬಿಯರ್ಡ್ ಆಯಿಲ್ ಬಳಿದುಕೊಂಡು. ಕೋಡುಬಳೆಗೆ ಕೈ ಹಾಕುವಷ್ಟರಲ್ಲಿ ಹುಡುಗಿಯ ಅಜ್ಜಿ ಸೊಸೆಯನ್ನು ಗದರಿದರು: "ಕಮಟು ವಾಸ್ನೆ ಬತ್ತೈತೆ ಕಣಮ್ಮಿ! ಹಳೇ ಎಣ್ಣೇಲಿ ಕರಿದ್ಬುಟ್ಟಿದ್ದೀಯ. ಎತ್ತು ತಟ್ಟೆ!"

ತಟ್ಟೆ ಒಳಗೆ ಹೋಯಿತು, ವಾಸನೆ ಹೋಗಲಿಲ್ಲ. ನಾನು ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡಿ, ಒಂದೊಂದ್ಸಲ ಹಂಗಾಯ್ತದೆ" ಎಂದು ಕ್ಷಮಿಸಿದೆ.

ಹುಡುಗಿ ತಲೆ ಎತ್ತಿದಳು. "ಅಜ್ಜೀ, ಕೋಡುಬಳೆ ಇವತ್ತೇ ಕರಿದಿದ್ದು. ವಾಸ್ನೆ ಅವ್ರ ಗಡ್ಡದ್ದು." ಆಮೇಲೆ ನನ್ನನ್ನೇ ಕೇಳಿದಳು: "ಎಣ್ಣೆ ಸೀಸೇನ ಬಿಸ್ಲಲ್ಲಿ ಮಡಗ್ತೀರಾ?"

ಹೌದು, ಎರಡು ಬೇಸಿಗೆಯಿಂದ ಅದು ಕಿಟಕಿಯಲ್ಲೇ ಇದೆ.

ಸಂಜೆ ಫೋನ್ ಬಂತು. ನಾನು ಒಪ್ಪಿಗೆಯಂತೆ, ಗಡ್ಡ ಬೇಡವಂತೆ. ಕ್ಷೌರದಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ; ನನಗೆ ಎಣ್ಣೆ ಕೆಟ್ಟ ಮೇಲೆ ಹೆಣ್ಣು ಸಿಕ್ಕಿತು.