ನಡಿಗೆ ಕಲಿಸಿದ ಚೆಲುವಮ್ಮ

ಸತ್ತೇಗಾಲದಿಂದ ಆಚೆ, ಕಾಲುವೆ ಪಕ್ಕದ ಸಣ್ಣ ಊರೊಂದರಲ್ಲಿ ಚೆಲುವಮ್ಮ ಆಶಾ ಕಾರ್ಯಕರ್ತೆ. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಬಾಣಂತಿಯರ ಮನೆಗೆ ಹೋಗಿಬರುವುದು, ಇದರಲ್ಲೇ ಅವಳ ಪ್ರಾಯವೆಲ್ಲ ಕಳೆದಿತ್ತು. ಗಂಡ ಮಹದೇವು ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ. ಕೆಳಗಿನ ಬೀದಿಯ ಹೆಂಗಸಾದರೂ ಮೇಲಿನ ಬೀದಿಯ ಮನೆಗಳ ನಡುಮನೆಯವರೆಗೆ ಹೋಗುವ ಸಲುಗೆ ಅವಳಿಗೆ ಸಿಕ್ಕಿದ್ದು ಈ ಕೆಲಸದಿಂದಲೇ.

ಹೋದ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿಗೆ ಒಂದು ಸಂಸ್ಥೆಯವರು ಕೊಳ್ಳೇಗಾಲ, ಹನೂರು, ಯಳಂದೂರಿನ ಕಾರ್ಯಕರ್ತೆಯರನ್ನೆಲ್ಲ ಸೇರಿಸಿ ತರಬೇತಿ ಕೊಟ್ಟರು. ಕಲ್ಯಾಣಮಂಟಪದ ಊಟದ ಹಾಲಿನಲ್ಲಿ ಮೇಜುಗಳನ್ನು ಗೋಡೆಗೆ ಒತ್ತರಿಸಿ ಜಾಗ ಮಾಡಿದ್ದರು. ಒಬ್ಬರ ತೋಳಿಗೆ ಒಬ್ಬರು ಪಟ್ಟಿ ಸುತ್ತಿ ಬಿ.ಪಿ. ನೋಡುವುದನ್ನು ಕಲಿತರು. ಸಕ್ಕರೆ ಕಾಯಿಲೆಯವರ ಪಾದವನ್ನು ಬೆರಳ ಸಂದಿಯವರೆಗೂ ಹೇಗೆ ನೋಡಬೇಕು, ಮನೆಯಲ್ಲಿ ಉಪ್ಪು ಎಣ್ಣೆ ಹೇಗೆ ಕಡಿಮೆ ಮಾಡಿಸಬೇಕು ಎಂದು ಕಲಿತರು. ಮಧ್ಯಾಹ್ನದ ಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಾಗಿ ಕೈ ಬೀಸಿಕೊಂಡು ನಡೆಯುವುದನ್ನೂ ಕಲಿತರು. ಗೋಪಿನಾಥಂ ಕಡೆಯಿಂದ ಬಂದಿದ್ದ ಒಬ್ಬ ಹಿರಿಯಳಂತೂ ನಗು ತಡೆಯಲಾರದೆ, ತಮಿಳಿನಲ್ಲಿ ಏನೋ ಅಂದುಕೊಂಡು ಕೆಳಗೇ ಕುಳಿತುಬಿಟ್ಟಳು.

ತರಬೇತಿ ಕೊಡಲು ಬಂದಿದ್ದ ಮಾಲಿನಿ ಮೇಡಂ ಕೊನೆಗೊಂದು ಮಾತು ಹೇಳಿದರು. "ಬರೀ ಬಾಯಲ್ಲಿ ಹೇಳಿದ್ರೆ ಯಾರೂ ನಡೆಯಲ್ಲ. ನೀವು ಮುಂದೆ ಹೆಜ್ಜೆ ಇಡಿ, ಅವರು ಹಿಂದೆ ಬರ್ತಾರೆ."

ಚೆಲುವಮ್ಮ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಕೆಳಗಿನ ಬೀದಿಯ ಹೆಂಗಸರು ಅವಳನ್ನು ನೋಡಿ ನಕ್ಕರು. "ದಿನವೆಲ್ಲ ಗದ್ದೇಲಿ ಬಗ್ಗಿ ಸೊಂಟ ಬಿದ್ದೋಗದೆ, ಇನ್ನು ನಡಿಯೋದ್ ಬ್ಯಾರೆ ಕೇಡು!" ಎಂದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ನಡೆಯಬೇಕಾದವರು ಇದ್ದದ್ದು ಮೇಲಿನ ಬೀದಿಯಲ್ಲಿ. ಅವರಲ್ಲೂ ಮುಖ್ಯವಾಗಿ ಗುರುಬಸಮ್ಮ. ಗಂಡ ಶಿವರುದ್ರಸ್ವಾಮಿಗೂ ಅವರಿಗೂ ಸಕ್ಕರೆ ಕಾಯಿಲೆ. ಮದುವೆ, ದೇವರು ಬಿಟ್ಟರೆ ಗುರುಬಸಮ್ಮ ಹೊಸಿಲು ದಾಟಿದವರಲ್ಲ. ಮಂಡಿ ಊದಿ, ನೆಲಕ್ಕೆ ಕೂತರೆ ಸೊಸೆ ಭವ್ಯ ಬಂದು ಎಬ್ಬಿಸಬೇಕಿತ್ತು.

"ಏ ಚೆಲುವಿ, ನಾನೇನು ಇಸ್ಕೂಲ್ ಐಕಳಾ, ರೋಡಲ್ಲಿ ಲೆಫ್ಟು ರೈಟು ಮಾಡಕೆ?" ಎಂದು ಗುರುಬಸಮ್ಮ ಬೈದರು. ಚೆಲುವಮ್ಮ ಬಿಡಲಿಲ್ಲ. ಹೋದಾಗಲೆಲ್ಲ ಅದನ್ನೇ ಹೇಳಿದಳು. ಕೊನೆಗೆ ಅವರು ಒಪ್ಪಿದರೂ ಗಂಡ ಒಪ್ಪಲಿಲ್ಲ.

"ನಮ್ಮನೆ ಎಂಗಸ್ರು ಬೆಳಗಾನೆ ಎದ್ದು ರೋಡ್ ಸುತ್ತುದ್ರೆ ಕಂಡೋರು ಏನಂದಾರು?"

"ನಾನೇ ಕರ್ಕಂಡೋಗಿ ನಾನೇ ಕರ್ಕಂಡ್ ಬತ್ತೀನಿ ಬುದ್ಧಿ," ಎಂದಳು ಚೆಲುವಮ್ಮ.

ಶಾಲೆಯ ಮೈದಾನಕ್ಕೆ ಬೀಗ. ಕಾಲುವೆ ಏರಿಯ ಮೇಲೆ ಜಾಲಿ ಬೆಳೆದು ಕಾಲಿಡುವಂತಿರಲಿಲ್ಲ. ಉಳಿದದ್ದು ಟಾರು ರೋಡು. ಬೆಳಕು ಹರಿಯುವ ಮುಂಚೆ ಅಲ್ಲಿ ಗಾಡಿಗಳ ಕಾಟ ಕಮ್ಮಿ, ನೋಡುವ ಗಂಡಸರ ಕಣ್ಣೂ ಕಮ್ಮಿ. ಐದಾರು ಹೆಂಗಸರು ಹೊರಟರು. ಮೊದಮೊದಲು ಗುರುಬಸಮ್ಮ ಅರಳಿಮರದ ತನಕ ಹೋಗಿ ಏದುಸಿರು ಬಿಡುತ್ತ ಹಿಂದಿರುಗುತ್ತಿದ್ದರು. ಬರಬರುತ್ತ ಸೇತುವೆಯನ್ನೂ ದಾಟಿದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಸಕ್ಕರೆ ಇಳಿದಿದೆ ಎಂದರು. ಆಮೇಲೆ ಚೆಲುವಮ್ಮ ಕರೆಯುವ ಮೊದಲೇ ಅವರು ಜಗಲಿಯ ಮೇಲೆ ಕಾಯುತ್ತ ಕೂತಿರುತ್ತಿದ್ದರು.

ಕಬ್ಬು ಕಡಿಯುವ ಕಾಲ ಬಂತು. ಕಾಲುವೆಯ ಕಡೆಯಿಂದ ಮಂಜು ಎದ್ದು ಮೂರು ಮಾರು ಆಚೆಗೆ ಏನೂ ಕಾಣದಂತಿದ್ದ ಒಂದು ಬೆಳಗ್ಗೆ, ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ದೀಪವಿಲ್ಲದೆ ಬಂತು. ಅದರ ಹಿಂದೆ ಎರಡು ಟ್ರೇಲರು, ರಸ್ತೆಯಗಲ ಚಾಚಿಕೊಂಡ ಕಬ್ಬಿನ ಹೊರೆ. ಹೆಂಗಸರು ಕೂಗುತ್ತ ಬದಿಗೆ ಹಾರಿದರು. ಗುರುಬಸಮ್ಮನ ಮಂಡಿಗೆ ಅಷ್ಟು ಚುರುಕು ಎಲ್ಲಿಂದ ಬರಬೇಕು? ಚೆಲುವಮ್ಮ ತಿರುಗಿ ನೋಡುವಷ್ಟರಲ್ಲಿ ಹಿಂದಿನ ಟ್ರೇಲರು ಅವರನ್ನು ಎಳೆದು ಕೆಡವಿತ್ತು. ಆಂಬುಲೆನ್ಸ್ ಬರುವವರೆಗೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೆಲುವಮ್ಮ ರಸ್ತೆಯಲ್ಲೇ ಕೂತಿದ್ದಳು. ಕೊಳ್ಳೇಗಾಲ ಮುಟ್ಟುವ ಮೊದಲೇ ಜೀವ ಹೋಯಿತು.

ಆಸ್ಪತ್ರೆಯ ಬಾಗಿಲಲ್ಲಿ ಶಿವರುದ್ರಸ್ವಾಮಿ ಅವಳ ಮುಂದೆ ಬಂದು ನಿಂತರು. ಅಳಲಿಲ್ಲ, ಕೂಗಲೂ ಇಲ್ಲ.

"ನಾನೇ ಕರ್ಕಂಡ್ ಬತ್ತೀನಿ ಅಂದಿದ್ದೆ. ಬಂದ್ಯಲ್ಲ ಕರ್ಕಂಡು."

ಅವತ್ತಿನಿಂದ ಚೆಲುವಮ್ಮನಿಗೆ ಊರು ಮುಚ್ಚಿಹೋಯಿತು. ಮೇಲಿನ ಬೀದಿಯ ಬಾಗಿಲುಗಳು ಅವಳನ್ನು ಕಂಡರೆ ಮುಚ್ಚಿಕೊಳ್ಳುತ್ತಿದ್ದವು. ಕೆಳಗಿನ ಬೀದಿಯವರು ಎದುರಿಗೆ ಏನೂ ಅನ್ನದೆ, ಅವಳು ನಲ್ಲಿಯ ಹತ್ತಿರ ಬಂದರೆ ಮಾತು ನಿಲ್ಲಿಸುತ್ತಿದ್ದರು. ನಡೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ಮತ್ತೆ ರಸ್ತೆಗಿಳಿಯಲಿಲ್ಲ. ಅನ್ನದ ಮುಂದೆ ಕೂತರೆ ಚೆಲುವಮ್ಮನಿಗೆ ತೊಡೆಯ ಮೇಲೆ ಆ ತಲೆಯ ಭಾರ ಬಂದು ಕೂರುತ್ತಿತ್ತು. ಬಸ್ಸಿಗೆ ಹೋಗಬೇಕಾದರೂ ರಸ್ತೆ ಬಿಟ್ಟು ಗದ್ದೆಯ ಬದುವಿನ ಮೇಲೆ ಸುತ್ತಿ ಹೋಗುತ್ತಿದ್ದಳು.

ಮಾಲಿನಿ ಮೇಡಂ ಸುದ್ದಿ ಕೇಳಿ ಬಂದರು. "ಇದರಲ್ಲಿ ನಿಮ್ಮ ತಪ್ಪೇನಿಲ್ಲ ಚೆಲುವಮ್ಮ," ಎಂದು ಕೈ ಹಿಡಿದುಕೊಂಡರು.

"ಮತ್ತೆ ಯಾರ್ದು ಮೇಡಂ? ಅವ್ವಾರು ಒಲ್ಲೆ ಒಲ್ಲೆ ಅಂದ್ರು. ಎಬ್ಬಿಸ್ಕಂಡೋದೋಳು ನಾನು."

ಮೇಡಂ ಕಣ್ಣೊರೆಸಿಕೊಂಡು ಎದ್ದುಹೋದರು.

"ಬುಟ್ಬುಡು ಈ ಕೆಲ್ಸವ," ಎಂದ ಮಹದೇವು. "ಊರಿಗೆ ಬ್ಯಾಡವಾದ್ ಮ್ಯಾಲೆ ನಿಂಗ್ಯಾಕೆ?" ಬಿಡುವುದಾಗಿ ಅವಳೂ ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದಳು.

ಹಾಗಿರುವಾಗ ಒಂದು ದಿನ ಹಿಟ್ಟಿನ ಗಿರಣಿಯ ಹಿಂದೆ ಭವ್ಯ ಅವಳನ್ನು ತಡೆದು ನಿಲ್ಲಿಸಿದಳು. ಯಾರಾದರೂ ನೋಡುತ್ತಾರೇನೋ ಎಂಬ ಹೆದರಿಕೆಯಲ್ಲಿ ಬಡಬಡನೆ ಹೇಳಿದಳು. "ಮಾವನ ಕಾಲಲ್ಲಿ ಗಾಯ ಆಗದೆ ಕಣಕ್ಕ. ವಾಸ್ನೆ ಬತ್ತಾ ಅದೆ. ಮಾತ್ರೇನೂ ನಿಲ್ಸವ್ರೆ. ಆಸ್ಪತ್ರೆ ಅಂದ್ರೆ ಒಡಿಯಾಕ್ ಬತ್ತಾರೆ. ನಮ್ಮೆಜಮಾನ್ರಿಗೆ ಅಪ್ಪನ್ ಮುಂದೆ ಬಾಯೇ ಇಲ್ಲ."

ವಾಸನೆ ಎಂದ ಕೂಡಲೇ ಅದೇನೆಂದು ಚೆಲುವಮ್ಮನಿಗೆ ತಿಳಿಯಿತು. ಆದರೂ ಅವತ್ತು ಅವಳ ಕಾಲು ಆ ಕಡೆ ಹೊರಡಲಿಲ್ಲ. ಮಾರನೆಯ ಬೆಳಗ್ಗೆ ಹೋದಳು. ಮೇಲಿನ ಬೀದಿಯುದ್ದಕ್ಕೂ ಜನ ನಿಂತು ನೋಡಿದರು. ಶಿವರುದ್ರಸ್ವಾಮಿ ನಡುಮನೆಯಲ್ಲಿ ಕಾಲಿನ ಮೇಲೆ ಟವೆಲು ಹಾಕಿಕೊಂಡು ಮಲಗಿದ್ದರು.

"ಎದ್ದೋಗು ನನ್ ಮನೆಯಿಂದ."

"ಕಾಲ್ ತೋರ್ಸಿ ಬುದ್ಧಿ. ನೋಡ್ಬುಟ್ಟು ಓಯ್ತೀನಿ."

ಕೈಗೆ ಸಿಕ್ಕ ಚೊಂಬನ್ನು ಬೀಸಿ ಒಗೆದರು. ಅದು ಅವಳ ಭುಜಕ್ಕೆ ಬಡಿದು ಬಾಗಿಲವರೆಗೆ ಉರುಳಿತು. ಚೆಲುವಮ್ಮ ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಬಿಸಿಲು ಏರಿತು. ಭವ್ಯಳ ಗಂಡ ಪ್ರಭುಸ್ವಾಮಿ ಬಂದು, "ಸುಮ್ಕೆ ಓಗವ್ವ, ಅಪ್ಪಾರು ಕೇಳದಿಲ್ಲ," ಎಂದ. ಅವಳು ಏಳಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಒಳಗಿನಿಂದ ದನಿ ಬಂತು.

"ಕೊಳ್ತೋಗ್ಲಿ ಬುಡು. ನಾನಿದ್ದು ಏನ್ ಮಾಡ್ಬೇಕು?"

ಚೆಲುವಮ್ಮ ಹೊಸಿಲ ಹತ್ತಿರ ಹೋಗಿ ನಿಂತಳು. ಅಷ್ಟು ದಿನ ಹಿಡಿದಿಟ್ಟುಕೊಂಡಿದ್ದ ಅಳು ಅಲ್ಲಿ ಕಿತ್ತುಕೊಂಡು ಬಂತು. "ಇನ್ನೊಂದ್ ಸಾವ ಒರಕೆ ನನ್ ಕೈಲಾಗದಿಲ್ಲ ಬುದ್ಧಿ. ನಿಮ್ಗಲ್ಲ ನಾನ್ ಕೇಳ್ತಿರದು. ನನ್ಗೆ. ನನ್ ಸಲ್ವಾಗಿ ಕಾಲ್ ತೋರ್ಸಿ."

ಶಿವರುದ್ರಸ್ವಾಮಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಟವೆಲನ್ನು ತಾವೇ ಸರಿಸಿದರು. ಎರಡು ಬೆರಳು ಇದ್ದಲಿನಂತಾಗಿದ್ದವು. ಸಂಜೆಯೊಳಗೆ ಕಾರು ಮಾಡಿ ಕೊಳ್ಳೇಗಾಲಕ್ಕೆ ಒಯ್ದರು, ಅಲ್ಲಿಂದ ಮೈಸೂರಿಗೆ ಕಳಿಸಿದರು. ಜೀವ ಉಳಿಯಿತು. ಅರ್ಧ ಪಾದ ಹೋಯಿತು. ಸ್ವಲ್ಪ ಮೊದಲೇ ಬಂದಿದ್ದರೆ ಬೆರಳಷ್ಟೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದ್ದು ಚೆಲುವಮ್ಮನ ಕಿವಿಗೂ ಬಿತ್ತು. ಗಿರಣಿಯ ಹಿಂದಿನಿಂದ ಮನೆಗೆ ವಾಪಸು ಹೋದ ಆ ಒಂದು ದಿನವೂ ಅವಳ ಲೆಕ್ಕಕ್ಕೇ ಸೇರಿಕೊಂಡಿತು.

ಕೆಲಸ ಬಿಡುವ ಮಾತು ಹಾಗೇ ನಿಂತಿತು. ಗಾಯ ಒರೆಸಿ ಬಟ್ಟೆ ಕಟ್ಟಲು ಅವಳು ಆ ಮನೆಗೆ ಹೋಗಲೇಬೇಕಿತ್ತು. ಶಿವರುದ್ರಸ್ವಾಮಿ ಕಾಲು ಚಾಚುತ್ತಿದ್ದರು, ಮಾತಾಡುತ್ತಿರಲಿಲ್ಲ. ಅವಳೂ ತಲೆಯೆತ್ತುತ್ತಿರಲಿಲ್ಲ. ಕಬ್ಬಿನ ಕಾಲ ಮುಗಿದು ಬೇಸಿಗೆ ಬಂತು. ಒಂದು ಮಧ್ಯಾಹ್ನ ಅವಳು ಬಟ್ಟೆ ಸುತ್ತುತ್ತಿರುವಾಗ ಅವರು ಕೇಳಿದರು.

"ಆವತ್ತು ಅವ್ಳು ಏನಾರ ಮಾತಾಡ್ತಿದ್ಲಾ?"

ಚೆಲುವಮ್ಮನ ಕೈ ನಿಂತಿತು. "ಚಿಕ್ಕೋರಿದ್ದಾಗ ತೌರೂರಲ್ಲಿ ಒಳೆ ಈಜ್ತಿದ್ದೆ ಅಂತ ಏಳ್ತಿದ್ರು ಬುದ್ಧಿ. ಎಮ್ಮೆ ಬಾಲ ಇಡ್ಕಂಡು ಆ ದಡಕ್ಕೆ ಓಯ್ತಿದ್ರಂತೆ. ನಾವೆಲ್ಲ ನಗ್ತಿದ್ದೊ."

"ಈಜು ಬತ್ತಿತ್ತಾ ಅವ್ಳಿಗೆ?" ಅವರು ಎದ್ದು ಕೂತರು. "ಇಷ್ಟ್ ವರ್ಸ ಬಾಳಾಟ ಮಾಡಿ ನನ್ ತಾವ ಒಂದಿನಾನೂ ಏಳ್ಲಿಲ್ಲ."

"ಒಂದ್ಸಲ ಒಳೇಲಿ ನೀರು ಎಚ್ಚಾಗಿತ್ತಂತೆ. ನಡೂಮಧ್ಯ ಬಾಲ ಕೈ ತಪ್ಪೋಯ್ತಂತೆ."

"ಆಮೇಕೆ?"

ಚೆಲುವಮ್ಮ ಅವರ ಮುಖ ನೋಡಿದಳು. ಆ ಮನೆಯಲ್ಲಿ ಅವಳು ಹಾಗೆ ತಲೆಯೆತ್ತಿದ್ದು ಬಹಳ ತಿಂಗಳ ಮೇಲೆ.

"ಅಷ್ಟೇಯ ಬುದ್ಧಿ ಅವ್ರು ಏಳಿದ್ದು. ಅಷ್ಟೊತ್ಗೆ ರೋಡಿನ್ ಆ ತಿರುವು ಬಂತು."